ವಿಂಡೋಗೊಂದು ಅಂಕಿತನಾಮ

ತಾಳವಾಡಿ ಬೆಟ್ಟಸೀಮೆಯ ಹಳ್ಳಿಗಳಲ್ಲಿ ಧ್ವನಿಮುದ್ರಿಸಿಕೊಂಡ ಆಡುಮಾತನ್ನು ಬರಹಕ್ಕಿಳಿಸುವಾಗ ನಾವು ಎರಡು ಕಡತಗಳನ್ನು ಇಟ್ಟುಕೊಳ್ಳುತ್ತೇವೆ. ಒಂದು, ಕೇಳಿದ್ದನ್ನು ಕೇಳಿದಂತೆಯೇ ದಾಖಲಿಸಿದ ಮೂಲಪಾಠ. ಇನ್ನೊಂದು, ಓದುಗರ ಅನುಕೂಲಕ್ಕಾಗಿ ಶಿಷ್ಟರೂಪಕ್ಕೆ ತಂದ ಪಾಠ. ಕಳೆದ ವರ್ಷ ಒಂದು ಸಂಜೆ ಎರಡನೆಯದನ್ನು ತಿದ್ದುತ್ತಿದ್ದೇನೆಂದು ಭಾವಿಸಿ ಮೂಲಪಾಠವನ್ನೇ ತಿದ್ದಿಬಿಟ್ಟೆ. ಅಜ್ಜಿಯೊಬ್ಬರು ಹಕಾರವಿಲ್ಲದೆ ನುಡಿದಿದ್ದ ‘ಆಲು’, ‘ಅಳ್ಳಿ’ಗಳೆಲ್ಲ ‘ಹಾಲು’, ‘ಹಳ್ಳಿ’ಗಳಾದವು. ಧ್ವನಿಮುದ್ರಣ ಉಳಿದಿದ್ದರಿಂದ ಮತ್ತೆ ಕೇಳಿ ಬರೆಯಲು ಸಾಧ್ಯವಾಯಿತು. ಇಲ್ಲವಾಗಿದ್ದರೆ ಆ ಉಚ್ಚಾರಣೆಗೆ ಸಾಕ್ಷಿಯೇ ಇರುತ್ತಿರಲಿಲ್ಲ.

ಈ ತಪ್ಪಿಗೆ ಕಾರಣ ಸರಳವಾದದ್ದು. ನಾನು ಬಳಸುವುದು ಟೈಲಿಂಗ್ ವಿಂಡೋ ಮ್ಯಾನೇಜರ್. ವಿಂಡೋಗಳು ಒಂದರ ಮೇಲೊಂದು ಬೀಳದಂತೆ, ನೆಲಕ್ಕೆ ಹಾಸಿದ ಕಲ್ಲುಗಳ ಹಾಗೆ, ಪರದೆಯನ್ನು ಪಾಲು ಮಾಡಿಕೊಡುವ ತಂತ್ರಾಂಶವಿದು. ಮೈಕೆಲ್ ಸ್ಟಾಪೆಲ್‌ಬರ್ಗ್ 2009ರಲ್ಲಿ ಆರಂಭಿಸಿದ ಐ3 ಇಂಥವುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಅಕ್ಕಪಕ್ಕ ತೆರೆದ ಈಮ್ಯಾಕ್ಸ್ ಸಂಪಾದಕದ ಎರಡು ವಿಂಡೋಗಳು ನನ್ನ ಕಣ್ಣಿಗೆ ಅವಳಿಗಳಂತೆ ಕಂಡವು.

ಲಿನಕ್ಸ್‌ನ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ವಿಂಡೋವನ್ನು ಗುರುತಿಸಲು ಮುಖ್ಯವಾಗಿ ಮೂರು ಹೆಸರುಗಳಿವೆ: ಕ್ಲಾಸ್, ಇನ್‌ಸ್ಟೆನ್ಸ್, ಟೈಟಲ್. ‘ನದಿ’ ರೂಢನಾಮ, ‘ಕಾವೇರಿ’ ಅಂಕಿತನಾಮ ಎಂದು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಕ್ಲಾಸ್ ಎಂಬುದು ಈಮ್ಯಾಕ್ಸ್‌ನ ಎಲ್ಲ ವಿಂಡೋಗಳಿಗೂ ಸಲ್ಲುವ ರೂಢನಾಮ; ಇನ್‌ಸ್ಟೆನ್ಸ್ ಒಂದೊಂದಕ್ಕೂ ನಾವು ಕೊಡಬಹುದಾದ ಅಂಕಿತನಾಮ. ಟೈಟಲ್ ಆದರೋ ತೆರೆದ ಕಡತಕ್ಕೆ ತಕ್ಕಂತೆ ಬದಲಾಗಬಲ್ಲದು. ಗಡಿಭಾಗದ ಶಾಲೆಯಲ್ಲಿ ನನ್ನ ಮರಾಠಿ, ಕನ್ನಡ ನೋಟುಪುಸ್ತಕಗಳಿಗೆ ಒಂದೇ ಬಣ್ಣದ ಹೊದಿಕೆಯಿತ್ತು. ಒಳಗಿನ ಪಾಠದ ಹೆಸರು ದಿನಕ್ಕೊಂದಾದರೂ ಹೊದಿಕೆಯ ಮೇಲಿನ ಚೀಟಿ ಬದಲಾಗುತ್ತಿರಲಿಲ್ಲ. ಇನ್‌ಸ್ಟೆನ್ಸ್ ಆ ಚೀಟಿಯಂತೆ. ಕೆಲವು ತಂತ್ರಾಂಶಗಳು ವಿಂಡೋವನ್ನು ತೆರೆದ ಮೇಲಷ್ಟೇ ಅದಕ್ಕೆ ಸರಿಯಾದ ಟೈಟಲ್ ಕೊಡುವುದರಿಂದ, ಟೈಟಲನ್ನು ನೆಚ್ಚಬೇಡಿರೆಂದು ಐ3ರ ಕೈಪಿಡಿಯೂ ಸೂಚಿಸುತ್ತದೆ.

ಇನ್ನು ಪ್ರಯೋಗಕ್ಕೆ ಬರೋಣ. ಟರ್ಮಿನಲ್‌ನಲ್ಲಿ ಎಕ್ಸ್‌ಪ್ರಾಪ್ ಎಂಬ ಆದೇಶವನ್ನು ಕೊಟ್ಟು ವಿಂಡೋವೊಂದರ ಮೇಲೆ ಕ್ಲಿಕ್ಕಿಸಿದರೆ ಅದರ ಗುರುತುಗಳು ಕಾಣುತ್ತವೆ. ‘ಡಬ್ಲ್ಯೂಎಂ_ಕ್ಲಾಸ್’ ಎಂಬ ಸಾಲಿನಲ್ಲಿರುವ ಎರಡು ಪದಗಳಲ್ಲಿ ಮೊದಲನೆಯದು ಇನ್‌ಸ್ಟೆನ್ಸ್, ಎರಡನೆಯದು ಕ್ಲಾಸ್. ಈಮ್ಯಾಕ್ಸನ್ನು ಎರಡು ಬಾರಿ ಪ್ರತ್ಯೇಕವಾಗಿ ಆರಂಭಿಸಿ, ‘ನೇಮ್’ ಎಂಬ ಆಯ್ಕೆಯ ಮೂಲಕ ಒಂದಕ್ಕೆ ‘ಮೂಲ’, ಇನ್ನೊಂದಕ್ಕೆ ‘ಶಿಷ್ಟ’ ಎಂದು ರೋಮನ್ ಲಿಪಿಯಲ್ಲಿ ಹೆಸರಿಡಿ. ಬಳಿಕ ಐ3ರ ಸಂರಚನಾ ಕಡತದಲ್ಲಿ ‘ಫಾರ್_ವಿಂಡೋ’ ನಿರ್ದೇಶನದ ಎರಡು ಸಾಲುಗಳನ್ನು ಸೇರಿಸಿ. ಪ್ರತಿ ಸಾಲಿನಲ್ಲೂ ಚೌಕಾವರಣದೊಳಗೆ ಇನ್‌ಸ್ಟೆನ್ಸ್‌ನ ಹೆಸರು, ಮುಂದೆ ‘ಟೈಟಲ್_ಫಾರ್ಮ್ಯಾಟ್’ ಎಂಬ ಆದೇಶ, ಅದರ ಮುಂದೆ ಕಾಣಬೇಕಾದ ಪಟ್ಟಿ. ಈ ಪಟ್ಟಿಯನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಈಗ ನನ್ನ ಪರದೆಯಲ್ಲಿ ಒಂದು ವಿಂಡೋದ ನೆತ್ತಿಯ ಮೇಲೆ ‘ಮೂಲಪಾಠ: ತಿದ್ದಬೇಡ’ ಎಂದಿದೆ.

ಹೆಸರು ಎಚ್ಚರಿಸುತ್ತದೆಯೇ ಹೊರತು ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ಆದ್ದರಿಂದ ಮೂಲಪಾಠದ ಕಡತಕ್ಕೆ ಓದುವ ಅನುಮತಿಯನ್ನಷ್ಟೇ ಉಳಿಸಿ, ಬರೆಯುವ ಅನುಮತಿಯನ್ನು ತೆಗೆದುಹಾಕಿ. ಮುಂದಿನ ಕ್ಷೇತ್ರಕಾರ್ಯದ ಬರಹಕ್ಕೆ ಕೂರುವ ಮೊದಲು ಈ ಎರಡೂ ಸಿದ್ಧತೆಗಳು ಆಗಿರಲಿ. ‘ಆಲು’ ಎಂದು ನುಡಿದವರ ಮಾತು ನಮ್ಮ ದಾಖಲೆಯಲ್ಲಿ ‘ಆಲು’ ಆಗಿಯೇ ಉಳಿಯಬೇಕು.