ಕಾಡಂಚಿನ ಹೊಲ ಜಿಂಕೆಗೆ ಔತಣವಾಗದಿರಲಿ



ಹುರುಳಿ ಬಿತ್ತಿ ಹದಿನೈದು ದಿನ ಕಳೆದಿರುತ್ತದೆ. ಸಾಲು ಸಾಲಾಗಿ ಎದ್ದ ಪೈರನ್ನು ನೋಡಿ ಸಂಜೆ ಸಮಾಧಾನದಿಂದ ಮನೆಗೆ ಬಂದಿರುತ್ತೀರಿ. ಬೆಳಗಾಗುವುದರೊಳಗೆ ಕಾಡಿನ ಮಗ್ಗುಲಿನ ಹತ್ತು ಗುಂಟೆಯಲ್ಲಿ ಬರೀ ಮೋಟು ಕಡ್ಡಿಗಳು ನಿಂತಿರುತ್ತವೆ. ಬಂಡೀಪುರದ ಅಂಚಿನ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳ ಕಡೆ ಇದು ಹೆಚ್ಚಾಗಿ ಚುಕ್ಕೆ ಜಿಂಕೆಯ ಕೆಲಸ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ತುಮಕೂರು ಜಿಲ್ಲೆಯ ಮೈದನಹಳ್ಳಿಗಳ ಸುತ್ತ ಇದು ಕೃಷ್ಣಮೃಗದ ಕೆಲಸ. ಉತ್ತರದ ರೈತರು ಇದನ್ನೇ ಚಿಗರಿ ಎನ್ನುತ್ತಾರೆ. ಮಲೆನಾಡಿನಲ್ಲಾದರೆ ಕಡವೆ ಮತ್ತು ಕಾಡುಕುರಿ.

ಹುರುಳಿಯನ್ನು ಬೋಳಿಸಿದ ಜಿಂಕೆ ಪಕ್ಕದ ತಾಕಿನ ಮೆಣಸಿನ ಗಿಡವನ್ನು ಮುಟ್ಟದೆ ಹೋಗಿರುವುದನ್ನೂ ನಿಮ್ಮಲ್ಲಿ ಹಲವರು ಕಂಡಿರಬಹುದು. ಜಿಂಕೆ ಸಿಕ್ಕಿದ್ದನ್ನೆಲ್ಲ ತಿನ್ನುವ ಪ್ರಾಣಿಯಲ್ಲ, ಆರಿಸಿ ತಿನ್ನುವ ಪ್ರಾಣಿ. ಅದರ ಆಯ್ಕೆ ನಮಗೆ ತಿಳಿದರೆ ನಮ್ಮ ಬೆಳೆಯ ಆಯ್ಕೆಯೂ ಸುಲಭವಾಗುತ್ತದೆ.

ಬೇಟೆಗಾರನ ಲೆಕ್ಕ

ಈ ಗುಟ್ಟನ್ನು ಮೊದಲು ಕಂಡುಕೊಂಡವನು ಬೇಟೆಗಾರ. ನೆಲ್ಲಿಕಾಯಿ ಉದುರುವ ಮರ ಯಾವುದು, ಬೆಂಕಿ ಬಿದ್ದ ಜಾಗದಲ್ಲಿ ಮೊದಲ ಮಳೆಗೆ ಹುಲ್ಲು ಎಲ್ಲಿ ಚಿಗುರುತ್ತದೆ, ಉಪ್ಪು ಮಣ್ಣು ನೆಕ್ಕಲು ಕಡವೆ ಎಲ್ಲಿಗೆ ಬರುತ್ತದೆ ಎಂಬುದನ್ನು ತಿಳಿದು ಅವನು ಅಲ್ಲಿಯೇ ಕಾಯುತ್ತಿದ್ದ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹಲವು ರಾಜ್ಯಗಳಲ್ಲಿ ಪರವಾನಗಿ ಸಿಗುತ್ತದೆ. ಅಲ್ಲಿನವರು ಜಿಂಕೆಯನ್ನು ಸೆಳೆಯಲೆಂದೇ ಕಾಡಂಚಿನಲ್ಲಿ ಕ್ಲೋವರ್ ಎಂಬ ದ್ವಿದಳ ಮೇವು, ಬಟಾಣಿ, ಟರ್ನಿಪ್ ಗಡ್ಡೆ ಮುಂತಾದವುಗಳನ್ನು ಬಿತ್ತುತ್ತಾರೆ.

ನಮ್ಮಲ್ಲಿ ಬೇಟೆ ನಿಷಿದ್ಧ. ಆದರೆ ಕಾಡಿನ ಮಗ್ಗುಲಿಗೇ ಹುರುಳಿ, ಅಲಸಂದೆ ಬಿತ್ತುವ ರೈತ, ಅಮೆರಿಕದ ಬೇಟೆಗಾರ ಬೇಕೆಂದೇ ಮಾಡುವುದನ್ನು ತನಗೆ ಅರಿವಿಲ್ಲದೆ ಮಾಡುತ್ತಿದ್ದಾನೆ. ಬೇಟೆಗಾರನ ಲೆಕ್ಕವನ್ನು ತಿರುವಿ ಹಾಕಿ ನೋಡುವುದೇ ಈ ಲೇಖನದ ಉದ್ದೇಶ.

ಜಿಂಕೆ ಹುಡುಕುವುದೇನು?

ಜಿಂಕೆಯೂ ದನದಂತೆ ಮೆಲುಕು ಹಾಕುವ ಪ್ರಾಣಿ. ಆದರೆ ದೇಹ ಚಿಕ್ಕದು, ಮೂತಿ ಕಿರಿದು. ಒರಟು ಹುಲ್ಲನ್ನೇ ಹೊಟ್ಟೆ ತುಂಬ ತಿಂದು ಬದುಕುವುದು ಅದಕ್ಕೆ ದನದಷ್ಟು ಸುಲಭವಲ್ಲ. ಆದ್ದರಿಂದ ನಾರು ಕಡಿಮೆ, ಸಸಾರಜನಕ ಹೆಚ್ಚು ಇರುವ ಎಳೆಯ ಎಲೆ, ಚಿಗುರು, ಹೂವು, ಕಾಯಿಗಳನ್ನು ಹೆಕ್ಕಿ ತಿನ್ನುತ್ತದೆ. ಹುರುಳಿ, ಅಲಸಂದೆ, ಹೆಸರು, ಅವರೆ, ಕಡಲೆ, ಶೇಂಗಾ ಮೊದಲಾದ ದ್ವಿದಳ ಪೈರುಗಳಲ್ಲಿ ಇದೆಲ್ಲವೂ ಒಟ್ಟಿಗೆ ಸಿಗುತ್ತದೆ. ನಂತರದ ಸ್ಥಾನ ಎಳೆಯ ರಾಗಿ, ಜೋಳ ಮತ್ತು ಮುಸುಕಿನ ಜೋಳದ್ದು. ಯೂರಿಯಾ ಮೇಲುಗೊಬ್ಬರ ಕೊಟ್ಟ ಮೇಲೆ ಕಪ್ಪು ಹಸಿರಾಗಿ ಚಿಗುರುವ ಪೈರು ಇನ್ನೂ ರುಚಿ.

ಕಾಲವೂ ಮುಖ್ಯ. ಬೇಸಿಗೆಯಲ್ಲಿ ಕಾಡಿನ ಹುಲ್ಲು ಒಣಗಿದಾಗ ಕೊಳವೆ ಬಾವಿಯ ನೀರಿನಲ್ಲಿ ನಳನಳಿಸುವ ಒಂದು ಎಕರೆ ಹಸಿರೂ ಬಲವಾದ ಆಕರ್ಷಣೆ. ಕಾಡಿನೊಳಗೆ ಲಂಟಾನ ಹಬ್ಬಿ ಹುಲ್ಲು ಬೆಳೆಯುವ ಜಾಗವನ್ನು ನುಂಗಿರುವುದೂ ಜಿಂಕೆಗಳು ಹೊರಗೆ ಬರಲು ಒಂದು ಕಾರಣ.

ಎರಡು ಪ್ರಾಣಿಗಳ ಸ್ವಭಾವದಲ್ಲಿ ವ್ಯತ್ಯಾಸವಿದೆ. ಚುಕ್ಕೆ ಜಿಂಕೆಗೆ ಮೇಯಲು ಬಯಲು, ಅಡಗಲು ಪೊದೆ ಎರಡೂ ಹತ್ತಿರದಲ್ಲಿರಬೇಕು. ಹುಲ್ಲೆ ಕುಲಕ್ಕೆ ಸೇರಿದ ಕೃಷ್ಣಮೃಗ ಕಣ್ಣನ್ನೂ ಓಟವನ್ನೂ ನಂಬಿ ಬದುಕುತ್ತದೆ. ಅದಕ್ಕೆ ದೂರದವರೆಗೆ ಕಾಣುವ ಬಯಲು, ಗಿಡ್ಡ ಪೈರು ಇಷ್ಟ. ಎತ್ತರಕ್ಕೆ ಬೆಳೆದ ದಟ್ಟ ಪೈರಿನೊಳಗೆ ನುಗ್ಗಲು ಅಳುಕುತ್ತದೆ.

ತಿಂದವರು ಯಾರು?

ಉಪಾಯ ಹೂಡುವ ಮೊದಲು ತಿಂದ ಪ್ರಾಣಿ ಯಾವುದೆಂದು ಖಚಿತ ಮಾಡಿಕೊಳ್ಳಿ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ. ಅದು ಎಲೆಯನ್ನು ಹಿಡಿದು ಎಳೆದು ಹರಿಯುತ್ತದೆ. ಕಡ್ಡಿಯ ತುದಿ ಸಿಬಿರು ಸಿಬಿರಾಗಿರುತ್ತದೆ. ಮೊಲ ತಿಂದಿದ್ದರೆ ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ. ಹಂದಿಯಾದರೆ ನೆಲವನ್ನೇ ಅಗೆದು ಗಿಡ ಕಿತ್ತಿರುತ್ತದೆ. ಗೊರಸಿನ ಗುರುತು, ಹಿಕ್ಕೆಗಳನ್ನೂ ಗಮನಿಸಿ.

ಬೆಳೆಗಳನ್ನು ಹೀಗೆ ಜೋಡಿಸಿ

1. ಕಾಡಿನ ಮಗ್ಗುಲಿನ ಪಟ್ಟೆಯಲ್ಲಿ ಜಿಂಕೆಗೆ ರುಚಿಸದ ಬೆಳೆ ಇರಲಿ. ಮಳೆಯಾಶ್ರಯದಲ್ಲಿ ಹರಳು ಅಥವಾ ಎಳ್ಳು; ನೀರಿದ್ದಲ್ಲಿ ಮೆಣಸಿನಕಾಯಿ, ಅರಿಶಿನ, ಶುಂಠಿ, ಈರುಳ್ಳಿ, ಬೆಳ್ಳುಳ್ಳಿ. ಘಾಟು, ಕಟು ವಾಸನೆ ಅಥವಾ ವಿಷದ ಅಂಶ ಇರುವ ಗಿಡಗಳಿಗೆ ಜಿಂಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹರಳಿನ ಬೀಜ ದನಕರುಗಳಿಗೂ ವಿಷ ಎಂಬುದು ನೆನಪಿರಲಿ.

2. ದ್ವಿದಳ ಬೆಳೆ, ಹಸಿರು ಮೇವು, ತರಕಾರಿಗಳನ್ನು ಮನೆ, ಪಂಪ್‌ಸೆಟ್ ಅಥವಾ ಜನ ಓಡಾಡುವ ದಾರಿಯ ಕಡೆಗೆ ತನ್ನಿ.

3. ಇಡೀ ಬಯಲಿನ ರೈತರು ಒಂದೇ ವಾರದಲ್ಲಿ ಬಿತ್ತನೆ ಮುಗಿಸಲು ಯತ್ನಿಸಿ. ಮುಂಚೆ ಬಿತ್ತಿದವನ ಹೊಲ ಮತ್ತು ಕೊನೆಗೆ ಬಿತ್ತಿದವನ ಹೊಲ ಎಲ್ಲರ ಪಾಲಿನ ಪೆಟ್ಟನ್ನೂ ತಿನ್ನುತ್ತವೆ.

4. ಚುಕ್ಕೆ ಜಿಂಕೆಯ ಕಾಟವಿರುವಲ್ಲಿ ನಿಮ್ಮ ಜಮೀನಿನ ಬದುಗಳಲ್ಲಿರುವ ಲಂಟಾನ ಪೊದೆಗಳನ್ನು ತೆಗೆಯಿರಿ. ಅಡಗುವ ಜಾಗ ದೂರವಾದಷ್ಟೂ ಅದಕ್ಕೆ ಹೊಲದೊಳಗೆ ಬರಲು ಹೆದರಿಕೆ.

5. ಕೊಯ್ಲಾದ ಮೇಲೆ ಕೂಳೆ ಚಿಗುರಲು ಬಿಡಬೇಡಿ. ಒಮ್ಮೆ ರುಚಿ ಕಂಡ ದಾರಿಯನ್ನು ಹಿಂಡು ಮರೆಯುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹರಳಿನ ಪಟ್ಟೆ ಕೋಟೆ ಗೋಡೆಯಲ್ಲ. ಬರಗಾಲದಲ್ಲಿ ಹಸಿದ ಪ್ರಾಣಿ ಅದನ್ನು ದಾಟಿ ಬರುತ್ತದೆ, ಬೇಡದ್ದನ್ನೂ ತಿನ್ನುತ್ತದೆ. ನೀವೊಬ್ಬರೇ ಬೆಳೆ ಬದಲಿಸಿದರೆ ಹಿಂಡು ಪಕ್ಕದವರ ಹುರುಳಿಗೆ ತಿರುಗುತ್ತದೆ. ನಿಮ್ಮ ಲಾಭ ಅಣ್ಣತಮ್ಮಂದಿರ ನಷ್ಟವಾಗಬಾರದು. ಕಾಡಂಚಿನ ಹತ್ತು ಹದಿನೈದು ಹಿಡುವಳಿದಾರರು ಕೂಡಿ ಕುಳಿತು ಯಾವ ಸಾಲಿನಲ್ಲಿ ಏನು ಬೆಳೆಯಬೇಕೆಂದು ತೀರ್ಮಾನಿಸಿದರೆ ಮಾತ್ರ ಇದರ ಪೂರ್ಣ ಫಲ ಸಿಗುತ್ತದೆ.

ಬೇಲಿ ಮತ್ತು ಕಾವಲು

ಬೆಳೆಯ ಆಯ್ಕೆಯ ಜೊತೆಗೆ ಬೇಲಿಯೂ ಬೇಕು. ಚುಕ್ಕೆ ಜಿಂಕೆ ಸುಮಾರು 5 ಅಡಿ ಹಾರಬಲ್ಲದು. ಆದರೂ ಹಾರುವುದಕ್ಕಿಂತ ಬೇಲಿಯ ಕೆಳಗೆ ನುಸುಳುವುದೇ ಅದಕ್ಕೆ ಇಷ್ಟ. ಎಷ್ಟೋ ಕಡೆ ಮೇಲಿನ ತಂತಿಗೆ ಹಣ ಸುರಿದು ಕೆಳಗಿನ ಸಂದನ್ನು ಹಾಗೆಯೇ ಬಿಟ್ಟಿರುತ್ತಾರೆ. ನೆಲಮಟ್ಟದ ಸಂದುಗಳನ್ನು ಮೊದಲು ಮುಚ್ಚಿ. ಅಟ್ಟಣೆಯ ಕಾವಲನ್ನು ಪೈರು ಮೊಳೆತ ಮೊದಲ ಮೂರು ವಾರ ಮತ್ತು ಹೂ ಕಾಯಿ ಕಟ್ಟುವ ಹೊತ್ತಿನಲ್ಲಿ ಸರದಿಯ ಮೇಲೆ ಬಿಗಿ ಮಾಡಿ. ಕೊಳೆತ ಮೊಟ್ಟೆಯ ನೀರು ಸಿಂಪಡಿಸುವುದರಿಂದ ಸ್ವಲ್ಪ ದಿನ ಜಿಂಕೆ ದೂರ ಇರುತ್ತದೆ, ಆದರೆ ಒಂದು ಜೋರು ಮಳೆಗೆ ಅದರ ವಾಸನೆ ತೊಳೆದು ಹೋಗುತ್ತದೆ. ತಿನ್ನುವ ಸೊಪ್ಪಿನ ಮೇಲೆ ಅದನ್ನು ಸಿಂಪಡಿಸಬೇಡಿ.

ಸೌರಶಕ್ತಿ ಬೇಲಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೆ ಬಿಟ್ಟು ಬಿಟ್ಟು ಹರಿಯುತ್ತದೆ. ಅದು ಪೆಟ್ಟು ಕೊಡುತ್ತದೆ, ಪ್ರಾಣ ತೆಗೆಯುವುದಿಲ್ಲ. ಕಂಬದ ಲೈನಿನಿಂದ ತಂತಿಗೆ ನೇರ ಕರೆಂಟು ಕೊಡುವುದು ಬೇರೆಯೇ ಮಾತು. ಆ ತಂತಿ ಜಿಂಕೆ, ಆನೆ, ಎತ್ತು, ರಾತ್ರಿ ನೀರು ಕಟ್ಟಲು ಬಂದ ಮನೆಯ ಮಗ ಎಂದು ಭೇದ ಮಾಡುವುದಿಲ್ಲ. ಉರುಳೂ ಅಷ್ಟೆ, ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಬೀಳುತ್ತದೆ.

ಕಾನೂನು ತಿಳಿದಿರಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಒಡ್ಡುವುದು, ವಿಷ ಹಾಕುವುದು, ಆಮಿಷವಿಟ್ಟು ಪ್ರಾಣಿಯನ್ನು ಸೆಳೆಯುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಕೃಷ್ಣಮೃಗ ಈ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಒಂದು ಬೆಳೆಯ ಸಿಟ್ಟಿಗೆ ಸಂಸಾರವನ್ನೇ ಕೋರ್ಟಿಗೆ ಒಪ್ಪಿಸಬೇಡಿ.

ಕನಿಕರದಿಂದ ಕಾಡಂಚಿನಲ್ಲಿ ಧಾನ್ಯ, ಉಪ್ಪು ಇಡುವುದೂ ಬೇಡ. ಒಮ್ಮೆಲೇ ಹೆಚ್ಚು ಧಾನ್ಯ ತಿಂದ ಜಿಂಕೆಗೆ, ದನಕ್ಕಾಗುವಂತೆಯೇ, ಹೊಟ್ಟೆ ಹುಳಿಯಾಗಿ ಸಾವು ಬರಬಹುದು. ಒಂದೇ ಜಾಗದಲ್ಲಿ ಮೂತಿಗೆ ಮೂತಿ ಹಚ್ಚಿ ತಿಂದಾಗ ರೋಗವೂ ಹರಡುತ್ತದೆ. 1967ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಮೊದಲು ಕಂಡುಬಂದ, ಜಿಂಕೆಯನ್ನು ಸೊರಗಿಸಿ ಕೊಲ್ಲುವ ರೋಗದ ಭಯದಿಂದ ಅಲ್ಲಿನ ಹಲವು ರಾಜ್ಯಗಳು ಜಿಂಕೆಗೆ ಆಹಾರವಿಡುವುದನ್ನು ತಡೆದಿವೆ.

ಹಾನಿಯಾದಾಗ ಪೈರಿನ ಫೋಟೋ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ಅರ್ಜಿ ಕೊಡಿ. ಯಾವ ಪ್ರಾಣಿಯ ಹಾನಿಗೆ ಎಷ್ಟು ಪರಿಹಾರವಿದೆ ಎಂಬುದನ್ನು ಅಲ್ಲಿಯೇ ಕೇಳಿ ತಿಳಿಯಿರಿ. ಸ್ಥಳ ತನಿಖೆ ಆಗುವವರೆಗೆ ಹೊಲ ಉಳಬೇಡಿ.

ಮುಂದಿನ ಬಿತ್ತನೆಗೆ ಬೀಜ ತರುವ ಮುನ್ನ ಒಂದು ಸಂಜೆ ನಿಮ್ಮ ಹೊಲದ ಕಾಡಿನ ಅಂಚಿನಲ್ಲಿ ನಿಂತು ನೋಡಿ. ಹಿಂಡು ಯಾವ ದಿಕ್ಕಿನಿಂದ ಬರುತ್ತದೆ, ಮೊದಲು ಅದರ ಬಾಯಿಗೆ ಸಿಗುವ ಪೈರು ಯಾವುದು ಎಂಬುದನ್ನು ಗುರುತಿಸಿ. ಅಲ್ಲಿ ಏನು ಬಿತ್ತಬೇಕು, ಏನು ಬಿತ್ತಬಾರದು ಎಂಬುದನ್ನು ನೆರೆಹೊರೆಯವರೊಂದಿಗೆ ಕೂಡಿ ನಿರ್ಧರಿಸಿ. ಸಂದೇಹವಿದ್ದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.