ಬೆಟ್ಟದ ಮೇಲಿನ ಕಮಿಷನರ್

ಸೂರ್ಯೋದಯ ನೋಡಲು ನಂದಿಬೆಟ್ಟ ಹತ್ತಿದವರು ನೆಹರೂ ನಿಲಯವೆಂಬ ಹಳೆಯ ಬಂಗಲೆಯ ಮುಂದೆ ಸೆಲ್ಫಿ ತೆಗೆದುಕೊಂಡು ಇಳಿದುಬಿಡುತ್ತಾರೆ. ಒಂದು ಕಾಲದಲ್ಲಿ ಬೆಂಗಳೂರಿನ ಧಗೆ ತಪ್ಪಿಸಿಕೊಂಡು, 4,851 ಅಡಿ ಎತ್ತರದ ಈ ಬಂಗಲೆಯಲ್ಲೇ ಬೇಸಿಗೆ ಕಳೆಯುತ್ತಿದ್ದವನು ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಹೆಸರಷ್ಟೇ ಕಮಿಷನರ್, ದರ್ಬಾರು ಮಾತ್ರ ಗವರ್ನರನದೇ.

ಹುಟ್ಟಿದ್ದು 1775ರಲ್ಲಿ, ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಪುಟ್ಟ ಮ್ಯಾನ್ ದ್ವೀಪದಲ್ಲಿ. ತಂದೆ ಮಾಘೋಲ್ಡ್ ಎಂಬ ಊರಿನ ಚರ್ಚಿನ ಪಾದ್ರಿ. ಅದೃಷ್ಟವೆಲ್ಲ ಇದ್ದದ್ದು ತಾಯಿಯ ಕಡೆ. ಸೋದರಮಾವ ಮಾರ್ಕ್ ವಿಲ್ಕ್ಸ್ ಆಗಲೇ ಮದರಾಸು ಸೇನೆಯಲ್ಲಿ ಬೇರೂರಿದ್ದ. ಅವನ ಶಿಫಾರಸಿನಿಂದ 1800ರಲ್ಲಿ ಅಳಿಯನೂ ಕ್ಯಾಡೆಟ್ ಆಗಿ ಬಂದಿಳಿದ. ಮಾವನ ಕಥೆಯೂ ಸಾಮಾನ್ಯದ್ದಲ್ಲ. ಪೂರ್ಣಯ್ಯ ದಿವಾನರಾಗಿದ್ದಾಗ ಮೈಸೂರಿನ ರೆಸಿಡೆಂಟ್ ಆಗಿದ್ದ, ದಕ್ಷಿಣ ಭಾರತದ ಇತಿಹಾಸ ಬರೆದ. 1815ರಲ್ಲಿ ಸೆರೆಯಾಳು ನೆಪೋಲಿಯನ್ ಸೇಂಟ್ ಹೆಲೆನಾಕ್ಕೆ ಬಂದಾಗ ಆ ದ್ವೀಪದ ಗವರ್ನರನೂ ಇವನೇ.

ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಮೂರು ವರ್ಷಕ್ಕೆ ಅದು ಕಬ್ಬನ್ ಪಾಲಿಗೆ ಬಂತು. ಜತೆಗೆ ಬಂದದ್ದು ತೆರಿಗೆಗಳ ಕಗ್ಗಂಟು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೂ ತೆರಿಗೆ! ಒಂದೂರಿನಲ್ಲಂತೂ, ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಅಜ್ಜ ಮುತ್ತಜ್ಜಂದಿರು ಹುಡುಕಿಕೊಡಲಿಲ್ಲವೆಂದು ಮೊಮ್ಮಕ್ಕಳು ದುಡ್ಡು ಕಟ್ಟುತ್ತಿದ್ದರು. ಇಂಥ 769 ಬಾಬತ್ತುಗಳನ್ನು ಕಬ್ಬನ್ ತೆಗೆದುಹಾಕಿದ. ಆದರೂ ಬೊಕ್ಕಸದ ಆದಾಯ ಏರುತ್ತಲೇ ಹೋಯಿತು. ರಸ್ತೆಗಳಾದವು, ಸೇತುವೆಗಳಾದವು.

ಇಲ್ಲೊಂದು ವಿಪರ್ಯಾಸವಿದೆ. ಅರಮನೆಯಲ್ಲಿ ಕುಳಿತ ಮಹಾರಾಜರು ರಾಜ್ಯ ಮರಳಿಸಿ ಎಂದು ಅರ್ಜಿ ಮೇಲೆ ಅರ್ಜಿ ಬರೆಯುತ್ತಿದ್ದರು. ಕಬ್ಬನ್ ಚೆನ್ನಾಗಿ ಆಳಿದಷ್ಟೂ ಆ ಅರ್ಜಿಗಳ ತೂಕ ಇಳಿಯುತ್ತಿತ್ತು. ಒಳ್ಳೆಯ ಅಧಿಕಾರಿ ಎಂದು ಹೊಗಳುವವರು ಇದನ್ನು ಮರೆಯಬಾರದು. ಆದರೆ 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಅಧೀನಕ್ಕೆ ಒಪ್ಪಿಸುವ ಹುಕುಂ ಬಂದಾಗ ಇಬ್ಬರೂ ಒಂದೇ ಕಡೆ ನಿಂತರು. ರಾಜರು ಪ್ರತಿಭಟಿಸಿದರು, ಕಬ್ಬನ್ ರಾಜೀನಾಮೆಗೆ ಮುಂದಾದ. ಹುಕುಂ ವಾಪಸಾಯಿತು. ಮಾವನ ಶಿಫಾರಸಿನಿಂದ ಬಂದವನು ಎಂಬ ಮಾತು ಅಂದಿಗೆ ಮುಗಿಯಿತು ಎನ್ನಬೇಕು.

ಮರುವರ್ಷ, ಮದುವೆಯನ್ನೇ ಆಗದೆ ದುಡಿದ 85ರ ಮುದುಕ ಊರಿಗೆ ಹೊರಟ. ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರಿಕೊಂಡ. ಅವನ ನಂತರ ಕಮಿಷನರ್ ಆಗಿ ಬಂದ ಬೌರಿಂಗ್ ಸೀಮೆಯನ್ನು ಹೊಸದಾಗಿ ವಿಂಗಡಿಸಿ, ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳನ್ನು ಸೇರಿಸಿ ನಂದಿದುರ್ಗ ವಿಭಾಗ ಮಾಡಿದ. ಕೋಲಾರ ಜಿಲ್ಲೆಯಲ್ಲಿದ್ದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ನಂದಿಬೆಟ್ಟದ ಹೆಸರಿನಡಿ ಬಂದದ್ದು ಸಹಜವೇ. ತಮಾಷೆಯೆಂದರೆ, ಸರ್ಕಾರಿ ಕಾಗದಗಳಲ್ಲಿ ಬೆಂಗಳೂರೂ ನಂದಿಗೆ ಸೇರಿದ ಊರಾಗಿತ್ತು.