ಮೆಮೊರಿ ಮುಗಿದಾಗ ಯಾರ ತಲೆದಂಡ?



ಈ ಸಭೆಯಲ್ಲಿ ಅರ್ಧಕ್ಕರ್ಧ ಸಾಫ್ಟ್‌ವೇರ್‌ನವರು. ನಿಮ್ಮ ಮುಂದೆ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಆಪರೇಟಿಂಗ್ ಸಿಸ್ಟಂ ಬಗ್ಗೆ ಮಾತಾಡುವುದು ಅಧಿಕಪ್ರಸಂಗವೇ ಸರಿ. ಆದರೆ ಒಂದು ವರ್ಷಾಂತ್ಯದ ರಾತ್ರಿ ಈ ಪಾಠ ನನಗೆ ಬೇಡವೆಂದರೂ ಆಯಿತು.

ಕಕ್ಷಿದಾರರೊಬ್ಬರ ಲೆಕ್ಕ ಮುಗಿಸುತ್ತಿದ್ದೆವು. 16 ಜಿಬಿ ಮೆಮೊರಿಯ ಲಿನಕ್ಸ್ ಸರ್ವರ್, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಸಹೋದ್ಯೋಗಿಯೊಬ್ಬರು ಐದು ವರ್ಷದ ವಹಿವಾಟನ್ನೆಲ್ಲ ಒಟ್ಟಿಗೆ ಓದುವ ವರದಿಯೊಂದನ್ನು ಓಡಿಸಿದರು. ಸ್ವಲ್ಪ ಹೊತ್ತಿಗೆ ಎಲ್ಲರ ಸಂಪರ್ಕವೂ ಕಡಿಯಿತು. ವರದಿಯ ಪ್ರೋಗ್ರಾಂ ಮಾತ್ರ ಆರಾಮವಾಗಿತ್ತು! ಸತ್ತದ್ದು ಡೇಟಾಬೇಸಿನ ಒಂದು ಪ್ರೋಸೆಸ್.

ಇದು ಹೇಗೆ? ಪ್ರೋಗ್ರಾಂ ಮೆಮೊರಿ ಕೇಳಿದಾಗ ಲಿನಕ್ಸ್ ಸಾಮಾನ್ಯವಾಗಿ 'ಆಗಲಿ' ಎನ್ನುತ್ತದೆ, ಆದರೆ ಕೈಗೆ ಏನೂ ಕೊಡುವುದಿಲ್ಲ. ನಮ್ಮ ಭಾಷೆಯಲ್ಲಿ ಅದು ಓವರ್‌ಡ್ರಾಫ್ಟ್ ಮಂಜೂರಾತಿ. ಪ್ರೋಗ್ರಾಂ ಆ ಜಾಗದಲ್ಲಿ ನಿಜವಾಗಿ ಬರೆಯಲು ಹೋದಾಗಷ್ಟೇ, ಸಾಮಾನ್ಯವಾಗಿ 4 ಕೆಬಿಯ ಒಂದೊಂದೇ ಪುಟವಾಗಿ, ಅಸಲಿ ಮೆಮೊರಿ ಸಿಗುತ್ತದೆ. ಮಂಜೂರಾದದ್ದರ ಮೊತ್ತ ಇರುವ ಮೆಮೊರಿಗಿಂತ ಹೆಚ್ಚಾಗಬಹುದು. ಇದಕ್ಕೆ ಓವರ್‌ಕಮಿಟ್ ಎನ್ನುತ್ತಾರೆ.

ಆಡಿಟರ್ ಕಣ್ಣಿಗೆ ಇದು ಹಗರಣದಂತೆ ಕಂಡರೂ ಕಾರಣವಿದೆ. ಒಂದು ಪ್ರೋಸೆಸ್ ತನ್ನದೇ ನಕಲೊಂದನ್ನು ಹುಟ್ಟಿಸಿದಾಗ ಇಡೀ ಲೆಡ್ಜರನ್ನು ಜೆರಾಕ್ಸ್ ಮಾಡುವುದಿಲ್ಲ. ಇಬ್ಬರೂ ಅದೇ ಪುಟಗಳನ್ನು ಓದುತ್ತಾರೆ, ಯಾರು ತಿದ್ದುತ್ತಾರೋ ಆ ಪುಟಕ್ಕೆ ಮಾತ್ರ ಪ್ರತಿ. ಪೂರ್ತಿ ಮೊತ್ತವನ್ನು ಮೊದಲೇ ತೆಗೆದಿಡು ಎಂದರೆ ಬಹಳಷ್ಟು ಮೆಮೊರಿ ಸುಮ್ಮನೆ ಕೊಳೆಯುತ್ತದೆ.

ಎಲ್ಲರೂ ಒಂದೇ ದಿನ ಬಂದು ಹಣ ಕೇಳಿದಾಗ ತಾನೇ ಬ್ಯಾಂಕಿಗೆ ಕಷ್ಟ? ಇಲ್ಲೂ ಹಾಗೆಯೇ. ಕರ್ನಲ್ ಮೊದಲು ಡಿಸ್ಕ್‌ನಿಂದ ಓದಿಟ್ಟುಕೊಂಡ ಪುಟಗಳನ್ನು ಬಿಟ್ಟುಕೊಡುತ್ತದೆ. ಸ್ವಾಪ್ ಇದ್ದರೆ ಕೆಲವನ್ನು ಡಿಸ್ಕ್‌ಗೆ ಸಾಗಿಸುತ್ತದೆ, ಆಗ ಯಂತ್ರ ಆಮೆಯಾಗುತ್ತದೆ. ಅದೂ ಸಾಲದಾದಾಗ ಬರುವವನು 'ಓಓಎಂ ಕಿಲ್ಲರ್'.

ಅವನು ತಪ್ಪಿತಸ್ಥರನ್ನು ಹುಡುಕುವುದಿಲ್ಲ. ಪ್ರತಿ ಪ್ರೋಸೆಸ್ ಬಳಸುತ್ತಿರುವ ಮೆಮೊರಿ ಮತ್ತು ಸ್ವಾಪ್ ನೋಡಿ ಅಂಕ ಹಾಕುತ್ತಾನೆ, ಹೆಚ್ಚು ಅಂಕ ಬಂದವರ ಕಥೆ ಮುಗಿಯಿತು. ಸಾಯುವವನಿಗೆ ಕಡತ ಮುಚ್ಚಿಡಲೂ ಸಮಯವಿಲ್ಲ. ನಮ್ಮ ಡೇಟಾಬೇಸ್ ಪ್ರೋಸೆಸ್ ಲೆಕ್ಕಕ್ಕೆ ಹಂಚಿಕೊಂಡ ಮೆಮೊರಿಯೂ ಸೇರಿ ಅದೇ ಎಲ್ಲರಿಗಿಂತ ದಪ್ಪ ಕಂಡಿತ್ತು. ಹೀಗೆ ಒಂದು ಸತ್ತರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಎಲ್ಲ ಸಂಪರ್ಕಗಳನ್ನೂ ಕಡಿದು ಮತ್ತೆ ಶುರುವಾಗುತ್ತದೆ. ಕಮಿಟ್ ಆದ ನಮೂದುಗಳು ಉಳಿದವು. ಅರ್ಧ ಹಾಕಿದ್ದ ಜರ್ನಲ್‌ಗಳನ್ನು ಬೆಳಗಿನವರೆಗೂ ಮತ್ತೆ ಹಾಕಿದೆವು. ಯಾವುದು ಒಳಗಿದೆ, ಯಾವುದು ಇಲ್ಲ ಎಂದು ವೋಚರ್ ವೋಚರ್ ಟಿಕ್ ಹಾಕಿ ನೋಡಿದ್ದೇ ದೊಡ್ಡ ಕೆಲಸ.

ಆಮೇಲೆ ಮಾಡಿದ್ದೇನು? ಅಂಕವನ್ನು −1000ದಿಂದ 1000ದವರೆಗೆ ತಿದ್ದುವ ಸೌಲಭ್ಯವಿದೆ. −1000 ಎಂದರೆ ಇವನನ್ನು ಮುಟ್ಟಬೇಡ. ಡೇಟಾಬೇಸಿನ ಮುಖ್ಯ ಪ್ರೋಸೆಸ್‌ಗೆ ಅದನ್ನು ಕೊಟ್ಟೆವು. ಎಲ್ಲರಿಗೂ ಕೊಟ್ಟರೆ ಅರ್ಥವಿಲ್ಲ, ಕೊಲ್ಲಲು ಯಾರೂ ಉಳಿಯದಿದ್ದರೆ ಕರ್ನಲ್ ತಾನೇ ಕೈಚೆಲ್ಲುತ್ತದೆ. ವರದಿಗಳನ್ನು ಸಿಗ್ರೂಪ್ ಎಂಬ ಪ್ರತ್ಯೇಕ ಬಜೆಟ್‌ನೊಳಗೆ ಹಾಕಿದೆವು. ಅದು ಮೀರಿದರೆ ಆ ಗುಂಪಿನೊಳಗೇ ಬಲಿ.

ಮೊದಲೇ 'ಇಲ್ಲ' ಎನ್ನುವ ಕಟ್ಟುನಿಟ್ಟಿನ ವಿಧಾನವೂ ಉಂಟು. ಸ್ವಾಪ್ ಪೂರ್ತಿ, ಮೆಮೊರಿಯ ಇಂತಿಷ್ಟು ಶೇಕಡಾ, ತಾನಾಗಿ 50, ಅಷ್ಟೇ ಮಂಜೂರಾತಿ. 16 ಜಿಬಿ ಮೆಮೊರಿ, 4 ಜಿಬಿ ಸ್ವಾಪ್ ಇದ್ದರೆ 12 ಜಿಬಿ. ವಿಂಡೋಸ್ ಕೂಡ ಮೆಮೊರಿ ಮತ್ತು ಪೇಜ್‌ಫೈಲ್ ಸೇರಿದ ಮಿತಿಯನ್ನು ದಾಟಿ ಮಾತು ಕೊಡುವುದಿಲ್ಲ. ನನ್ನ ವೃತ್ತಿಯವರಿಗೆ ಇದೇ ಇಷ್ಟವಾಗುತ್ತದೆ. ಆದರೆ ಜಾಗ ಖಾಲಿ ಇದ್ದರೂ ಕೆಲವು ಪ್ರೋಗ್ರಾಂಗಳು ಶುರುವಾಗಲೇ ಒಲ್ಲವು. ನಮ್ಮ ಸರ್ವರ್‌ನಲ್ಲಿ ಶೇಕಡಾ 80ಕ್ಕೆ ಏರಿಸಿದ ಮೇಲೆ ಬ್ಯಾಕಪ್ ಸಹ ಓಡಿತು.